ಉಪ್ಪು ಮುಟ್ಟಿದ ಕೈ

ನಮ್ಮೂರಲ್ಲಿ ಹೆಣ್ಣು ಗಂಡು ಗೊತ್ತುಮಾಡುವಾಗ ಜಾತಕ ನೋಡುವುದಿಲ್ಲ. ಎರಡು ಬೋಗುಣಿಯಲ್ಲಿ ನೀರು ಇಡುತ್ತಾರೆ. ಒಂದರಲ್ಲಿ ಹುಡುಗಿಯ ಕೈ ಏಳುವ ಬಿಸಿಯ ನೀರು, ಇನ್ನೊಂದರಲ್ಲಿ ಹುಡುಗನ ಕೈ ಏಳುವ ಬಿಸಿಯ ನೀರು. ಓಣಿಯ ಹಿರಿಯರೊಬ್ಬರು ಬಂದು ಎರಡರಲ್ಲೂ ಮೊಣಕೈ ಅದ್ದಿ, ಕಣ್ಣು ಮುಚ್ಚಿಕೊಂಡು, ಇಬ್ಬರೂ ಒಂದೇ ಮನೆಯಲ್ಲಿ ಬಾಳಬಹುದೋ ಇಲ್ಲವೋ ಎಂದು ಹೇಳುತ್ತಾರೆ. ಆಮೇಲೆ ಅದೇ ನೀರನ್ನು ನಾಲಗೆಗೆ ಮುಟ್ಟಿಸಿ ಹುಳಿ ಎಷ್ಟು, ಸವುಳು ಎಷ್ಟು ಎಂದು ನೋಡುತ್ತಾರೆ. ಅಷ್ಟಾದ ಮೇಲೆಯೇ ಎಲೆ ಅಡಿಕೆ.

ಕೈ ಎಂದರೆ ಬಲಗೈ. ಹುಟ್ಟಿದ ಪ್ರತಿಯೊಬ್ಬರ ಬಲಗೈಗೂ ಒಂದು ಕೆಲಸ ಬಂದಿರುತ್ತದೆ, ಒಂದೇ ಒಂದು. ನನ್ನದು ಹೆಪ್ಪಿನ ಕೈ. ಉಗುರುಬೆಚ್ಚಗಿನ ಹಾಲಿನಲ್ಲಿ ಬೆರಳು ಅದ್ದಿ ತೆಗೆದರೆ ಸಾಕು, ಮಧ್ಯಾಹ್ನದ ಹೊತ್ತಿಗೆ ಕತ್ತರಿಸುವಷ್ಟು ಗಟ್ಟಿ ಮೊಸರು. ಅದೇ ಬೆರಳನ್ನು ಗಂಜಿಯಲ್ಲಿ ಅದ್ದಿದರೆ ಬೆರಳು ಜಿಗುಟಾಗುತ್ತದೆ, ಅಷ್ಟೆ. ಬುಗ್ಗೆಕೇರಿಯವರದು ಸಿಹಿಯ ಕೈ. ಮುದ್ದೆಯಂಥ ಜೋಳದ ಗಂಜಿಗೆ ಅವರು ಕೈ ಹಾಕಿದರೆ ಅದು ನೀರಾಗಿ, ಸಿಹಿಯಾಗಿ, ಕಾಯಿಸಿದಾಗ ಜೇನಿನಂಥ ಪಾಕವಾಗುತ್ತದೆ. ಹಾಲು ಮಾತ್ರ ಅವರ ಕೈಗೆ ಹಾಲಾಗಿಯೇ ಉಳಿಯುತ್ತದೆ. ಹುಳಿಗೇರಿಯಲ್ಲಿ ತೊಗಲು ಹದಮಾಡುವವರಿಗೆ ಹುಣಸೆನೀರಿಲ್ಲದೆ ಕೈ ಏಳುವುದಿಲ್ಲ. ಸವುಳುಗೇರಿಯಲ್ಲಿ ಬಟ್ಟೆಯ ಕಲೆ ಬಿಡಿಸುವವರಿಗೆ ಬೂದಿನೀರೇ ಬೇಕು. ಹುಳಿಗೇರಿಯ ಹುಡುಗಿಯನ್ನು ಸವುಳುಗೇರಿಗೆ ಕೊಟ್ಟರೆ ಇಬ್ಬರೂ ಕೈ ಕಟ್ಟಿ ಕೂರಬೇಕಾಗುತ್ತದೆ.

ಕೈಯೊಳಗೆ ನಿರಿಗೆ ಇರುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಸೀರೆಯ ನಿರಿಗೆಯ ಹಾಗೆಯೇ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣದು. ಹಾಲೋ ಗಂಜಿಯೋ ನಾರೋ, ಯಾವುದರ ಅಳತೆಗೆ ಆ ನಿರಿಗೆ ಬಿದ್ದಿದೆಯೋ ಅದೊಂದು ಮಾತ್ರ ಅದರ ಸಂದಿಯಲ್ಲಿ ಬಂದು ಕೂರುತ್ತದೆ, ಬೇರೆಯಾಗಿ ಎದ್ದುಹೋಗುತ್ತದೆ. ನಿರಿಗೆ ಸವೆಯುವುದಿಲ್ಲ, ಇದ್ದಲ್ಲೇ ಇದ್ದು ಮುಂದಿನದಕ್ಕೆ ಕಾಯುತ್ತದೆ. ಚಳಿ ಹತ್ತಿದರೆ ಅದು ಸೆಟೆದು ಮಲಗುತ್ತದೆ, ಬೆಚ್ಚಗೆ ಮಾಡಿದರೆ ಏಳುತ್ತದೆ. ತನ್ನ ಮಿತಿ ಮೀರಿದ ಬಿಸಿ ತಗುಲಿದರೆ ಮಾತ್ರ ಬಿಚ್ಚಿಹೋಗುತ್ತದೆ. ಬಿಚ್ಚಿದ ಸೀರೆಗೆ ಮತ್ತೆ ನಿರಿಗೆ ಹಿಡಿಯಬಹುದು, ಬಿಚ್ಚಿದ ಕೈಗೆ ಹಿಡಿಯಲಿಕ್ಕಾಗುವುದಿಲ್ಲ. ಹೊರಗಿನಿಂದ ನೋಡಿದರೆ ಮಲಗಿದ ಕೈಯೂ ಬಿಚ್ಚಿದ ಕೈಯೂ ಒಂದೇ ಥರ ಇರುತ್ತವೆ. ಕಷ್ಟ ಇರುವುದೇ ಅಲ್ಲಿ.

ನಮ್ಮದು ನೆರಳುಗೇರಿ. ಗುಡ್ಡದ ಮಗ್ಗುಲಲ್ಲಿ, ಬಿಸಿಲು ತಡವಾಗಿ ಬಂದು ಬೇಗ ಹೋಗುವ ಓಣಿ. ಬುಗ್ಗೆಕೇರಿ ಗುಡ್ಡದ ಆಚೆ, ನೆಲದೊಳಗಿಂದ ಬಿಸಿನೀರು ಉಕ್ಕುವ ಜಾಗದಲ್ಲಿದೆ. ಅಲ್ಲಿಯವರ ಕೈ ಏಳುವ ಬಿಸಿಗೆ ನಮ್ಮವರ ಕೈ ಬಿಚ್ಚಿಹೋಗುತ್ತದೆ. ನಾವು ಬೇಳೆ ಬೇಯಿಸುವಾಗಲೂ ಬಲಗೈಗೆ ಒದ್ದೆ ಅರಿವೆ ಸುತ್ತಿಕೊಂಡು ಎಡಗೈಯಲ್ಲಿ ಸೌಟು ಹಿಡಿಯುವವರು. ಒಲೆಗೆ ಎರಡು ಕಡ್ಡಿಗಿಂತ ಹೆಚ್ಚು ಹಾಕಿದರೆ ಪಕ್ಕದ ಮನೆಯವರು ಬಂದು, ಯಾರಿಗಾದರೂ ಮೈಯಲ್ಲಿ ಹುಷಾರಿಲ್ಲವೇನು ಎಂದು ವಿಚಾರಿಸುತ್ತಾರೆ.

ನನ್ನ ಮಗಳು ಹಂಪವ್ವ, ನಮ್ಮ ಹಂಪಿ, ಮೆಚ್ಚಿದ್ದು ಬುಗ್ಗೆಕೇರಿಯ ಅಡಿವೆಪ್ಪನನ್ನು. ಅವಳದು ಪುಂಡಿಕಡ್ಡಿಯಿಂದ ನಾರು ಬಿಡಿಸುವ ಕೈ. ಹಗ್ಗ ಕೊಡಲಿಕ್ಕೆಂದು ಗುಡ್ಡದ ಆಚೆ ಹೋಗಿ ಬಂದು ಮಾಡುತ್ತಿದ್ದಳು, ಹೋಗುವುದು ಬೇಗ, ಬರುವುದು ತಡ ಆಗತೊಡಗಿತು. ಬೋಗುಣಿ ಇಟ್ಟ ದಿನ ಹಿರಿಯರು ಅವಳ ನೀರಿಗೆ ಮೊಣಕೈ ಅದ್ದಿ ತಲೆಯಾಡಿಸಿದರು. ಅವನ ನೀರಿಗೆ ಅದ್ದಿದವರು 'ಶಿವಶಿವಾ!' ಎಂದು ಹಾರಿ ನಿಂತು ಬೋಗುಣಿಯನ್ನು ಉರುಳಿಸಿಬಿಟ್ಟರು. ಮದುವೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಹಂಪಿ ಬಾಗಿಲ ಸಂದಿಯಿಂದ ಅಂದಳು, "ಬಲಗೈ ಹೊಂದದಿದ್ರ ಬಿಡ್ರಿ. ಎಡಗೈ ಇಬ್ಬರದೂ ಒಂದ ಥರ ಅದಾವು."

ಕಲ್ಮಠದಲ್ಲಿ ಪೂಜೆ ಮಾಡುವ ರುದ್ರಯ್ಯನವರು ನಕ್ಕು, ಎಡಗೈಗೆ ಎಡಗೈ ಕೂಡಿಸಿ ಧಾರೆ ಎರೆಸಿದರು. ನನಗೆ ಬೇರೆ ಮಕ್ಕಳಿರಲಿಲ್ಲ, ಅವಳ ಅಪ್ಪನೂ ಇರಲಿಲ್ಲ. ಹಾಗಾಗಿ ಅಡಿವೆಪ್ಪ ನಮ್ಮ ಮನೆಗೇ ಅಳಿಯನಾಗಿ ಬಂದ. ಬೆಳಿಗ್ಗೆ ಎದ್ದು ಗುಡ್ಡ ಏರಿ ಬುಗ್ಗೆಗೆ ಹೋಗುತ್ತಿದ್ದ. ಅಲ್ಲಿ ಕೈ ಏಳುತ್ತಿತ್ತು, ಹಗಲಿಡೀ ಕೊಪ್ಪರಿಗೆಯಲ್ಲಿ ಪಾಕದ ಕೆಲಸ. ಸಂಜೆ ಇಳಿದು ಬರುವಷ್ಟರಲ್ಲಿ ಕೈ ಮಲಗಿರುತ್ತಿತ್ತು. ಹಂಪಿ ಅವನ ಕೈಯನ್ನು ಸೆರಗಿನಿಂದ ಒರೆಸುತ್ತ, "ಮಲಗ್ಸಿಕೊಂಡು ಬಂದ್ರೇನು ಕೂಸಿನ್ನ?" ಎಂದು ಕೇಳುವಳು. ಅವರಿಗೆ ಕೂಸು ಆಗಿರಲಿಲ್ಲ. ಅವನ ಕೈಯನ್ನೇ ಹಾಗೆ ಆಡಿಸುತ್ತಿದ್ದಳು.

ಹೋದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ನಾನು ಮಾಡಬೇಕಾದ್ದೆಲ್ಲ ಮಾಡಿದೆ, ಬೇಡಬೇಕಾದವನನ್ನು ಬೇಡಿದೆ. ಶಿವ ಕೊಟ್ಟದ್ದನ್ನು ಶಿವ ಕರೆದುಕೊಂಡ. ಇದಕ್ಕಿಂತ ಹೆಚ್ಚು ಬರೆಯಲಾರೆ.

ನಮ್ಮಲ್ಲಿ ಸತ್ತವರನ್ನು ಸಮಾಧಿಯೊಳಗೆ ಕೂರಿಸಿದ ಮೇಲೆ ಸುತ್ತ ವಿಭೂತಿ, ಉಪ್ಪು ತುಂಬುತ್ತಾರೆ. ಉಪ್ಪು ತುಂಬುವುದು ಈಗಾಗಲೇ ಕೈ ಬಿಚ್ಚಿಹೋದ ಮುದುಕರ ಕೆಲಸ, ಯಾಕೆಂದರೆ ಅಷ್ಟು ಉಪ್ಪನ್ನು ಯಾವ ನಿರಿಗೆಯೂ ತಡೆಯುವುದು ಕಷ್ಟ. ಆ ದಿನ ಮುದುಕರು ಬುಟ್ಟಿ ಎತ್ತಿದಾಗ ಅಡಿವೆಪ್ಪ ಬಂದು ಬುಟ್ಟಿಯನ್ನು ಕಸಿದುಕೊಂಡ. "ನನ್ನ ಹೆಂಡ್ತಿಗೆ ಮಂದಿ ಯಾಕ ಹಾಕಬೇಕು?" ಎಂದ. ರುದ್ರಯ್ಯನವರು ಬೇಡ ಎಂದರು, ಮುದುಕರು ಅವನ ರಟ್ಟೆ ಹಿಡಿದರು. ಅವನು ಕೇಳಲಿಲ್ಲ. ಕುಣಿಯೊಳಗೆ ಇಳಿದು, ಮಲಗಿದವರಿಗೆ ಹೊದಿಕೆಯ ಅಂಚು ಸಿಕ್ಕಿಸುವ ಹಾಗೆ, ಎರಡೂ ಕೈಯಿಂದ ಅವಳ ಸುತ್ತ ಉಪ್ಪು ಒತ್ತಿ ಒತ್ತಿ ಇಟ್ಟ. ಮಳೆ ಹನಿಯುತ್ತಿತ್ತು. ಒದ್ದೆ ಉಪ್ಪು ಅವನ ಮೊಣಕೈಯವರೆಗೂ ಮೆತ್ತಿತ್ತು.

ಅಂದಿನಿಂದ ಅವನು ಗುಡ್ಡ ಏರಲಿಲ್ಲ. ಕೈ ಮಲಗಿದೆಯೋ ಬಿಚ್ಚಿದೆಯೋ ಬುಗ್ಗೆಯ ನೀರಿಗೆ ಹಾಕಿದರೆ ತಿಳಿದುಬಿಡುತ್ತಿತ್ತು. ಅದಕ್ಕೇ ಅವನು ಹೋಗಲಿಲ್ಲ. ಬಾವಿಯಿಂದ ನೀರು ಸೇದುವುದು, ಆಕಳಿಗೆ ಮೇವು ಹಾಕುವುದು, ಯಾವ ಕೈಯಾದರೂ ಮಾಡಬಹುದಾದ ಕೆಲಸ ಮಾಡಿಕೊಂಡು ಮನೆಯಲ್ಲೇ ಉಳಿದ.

ಓಣಿಯವರು ಒಳ್ಳೆಯವರು. ನೆರಳುಗೇರಿಯಲ್ಲಿ ಕೈ ಸುಸ್ತಾದರೆ ತಂಪು ಮಾಡುವುದು ರೂಢಿ. ಹಾಗಾಗಿ ಒಬ್ಬರು ಗಂಧ ತೇಯ್ದು ತಂದರು, ಇನ್ನೊಬ್ಬರು ಲಾವಂಚದ ನೀರು. ಪಕ್ಕದ ಮನೆಯ ದ್ಯಾಮವ್ವ ದಿನವೂ ಬಂದು ಬಾಳೆಲೆಯನ್ನು ತಣ್ಣೀರಲ್ಲಿ ಅದ್ದಿ ಅವನ ಅಂಗೈಗೆ ಕಟ್ಟಿಹೋಗುವಳು. "ಗಂಡಸು ಇಷ್ಟ ಸುಮ್ಮನ ಕೂತು ಕೈ ಕಟ್ಟಿಸಿಕೊಳ್ಳೂದು ನಾ ನೋಡೇ ಇಲ್ಲವ್ವ. ನಮ್ಮನಿಯಾವ್ರಿಗೆ ಮುಳ್ಳು ಚುಚ್ಚಿದ್ರ ಓಣಿ ಮಂದಿ ಎಲ್ಲಾ ಬರಬೇಕು" ಎನ್ನುವಳು. ಅವನು ಕೈ ನೀಡುವನು. ನಾನೂ ಮಜ್ಜಿಗೆ ಕೊಡುತ್ತಿದ್ದೆ, ಮನೆಯನ್ನು ತಂಪಾಗಿಯೇ ಇಟ್ಟಿದ್ದೆ. ಬಿಸಿಗೆ ಏಳುವ ಕೈಯನ್ನು ನಾವೆಲ್ಲ ಸೇರಿ ಚಳಿಯಲ್ಲಿ ಇನ್ನಷ್ಟು ಆಳಕ್ಕೆ ಮಲಗಿಸುತ್ತಿದ್ದೇವೆ ಎಂದು ನಮಗೆ ಹೊಳೆಯಲಿಲ್ಲ. ಪ್ರೀತಿಗೆ ತನಗೆ ಗೊತ್ತಿರುವ ಉಪಚಾರ ಮಾತ್ರ ಗೊತ್ತಿರುತ್ತದೆ.

ಅತ್ತೆ ಅಳಿಯ ಎದುರುಬದುರು ಕೂತು ಮಾತಾಡುವುದು ನಮ್ಮಲ್ಲಿಲ್ಲ, ಮುಟ್ಟುವುದಂತೂ ದೂರ. ಹಂಪಿ ಇದ್ದಾಗ ಅವಳೇ ನಡುವೆ ಮಾತು ದಾಟಿಸುತ್ತಿದ್ದಳು. ಅವಳು ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು, ಹಿತ್ತಲಲ್ಲಿ ತುಂಗಿ ಎಂಬ ಆಕಳು. ನಾನು ಆಕಳಿಗೆ ಹೇಳುತ್ತಿದ್ದೆ, "ತುಂಗೀ, ರೊಟ್ಟಿ ಬುಟ್ಟ್ಯಾಗ ಐತಿ ಅಂತ ಹೇಳು." ಅವನು ಹಗ್ಗ ಬಿಚ್ಚುತ್ತ ಅದರ ಕಿವಿಯ ಹತ್ತಿರ, "ತುಂಗೀ, ಅತ್ತಿಯವ್ರು ಉಂಡಾರೇನು ಕೇಳು" ಎನ್ನುವನು. ದ್ಯಾಮವ್ವ ಗೋಡೆಯಾಚೆಯಿಂದ, "ತುಂಗೀ, ನಿನಗ ಪಗಾರ ಏನು ಕೊಡ್ತಾರ ಕೇಳಿಕೊ!" ಎಂದು ಕೂಗುವಳು. ಹೀಗೆ ನಮ್ಮ ದಿನಗಳು ಹೋದವು. ಅವನ ಹೆಜ್ಜೆಯ ಸಪ್ಪಳ ಹಿತ್ತಲಲ್ಲಿ ಕೇಳಿದರೆ ನನಗೆ ಉಸಿರು ಬಂದ ಹಾಗೆ. ನನ್ನ ಮಗಳನ್ನು ನನ್ನಷ್ಟೇ ಪ್ರೀತಿಸಿದ ಜೀವ ಈ ಭೂಮಿಯ ಮೇಲೆ ಅದೊಂದೇ ಉಳಿದಿತ್ತು.

ಮಾಗಿಯ ಚಳಿ ಮುಗಿಯುತ್ತ ಬಂದಾಗ ಅವನ ಅಕ್ಕ ಫಕೀರವ್ವ ಚಕ್ಕಡಿ ಕಟ್ಟಿಕೊಂಡು ಬಂದಳು. ದೊಡ್ಡ ದನಿಯ, ಎತ್ತರದ ಹೆಂಗಸು. ತಮ್ಮನ ಅಂಗೈಯ ಮೇಲಿನ ಬಾಳೆಲೆಯನ್ನು ನೋಡಿದವಳೇ ಕಿತ್ತು ಬಿಸಾಡಿದಳು.

"ಇದೇನು, ನನ್ನ ತಮ್ಮನ ಕೈ ಬೆಣ್ಣಿ ಮುದ್ದಿ ಅಂತ ತಿಳಿದೀರೇನು, ಕರಗಬಾರದಂತ ತಣ್ಣೀರಾಗ ಇಟ್ಟೀರಿ?" ಎಂದಳು. ದ್ಯಾಮವ್ವ ಮೆಲ್ಲಗೆ ತನ್ನ ಮನೆಯ ಕಡೆ ಸರಿದಳು.

ಫಕೀರವ್ವ ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದಳು. ಅವಳ ದನಿ ಇಳಿಯಿತು. "ಬಾರೋ ತಮ್ಮಾ, ಬುಗ್ಗಿಗೆ ಹೋಗೋಣು."

"ಈಗ ಬ್ಯಾಡ ಅಕ್ಕಾ."

"ಮತ್ತ ಯಾವಾಗ? ಕೈ ಪೂರಾ ಸೆಟೆದು ಹೋದ ಮ್ಯಾಲೇನು?"

"ಬಿಚ್ಚಿ ಹೋಗಿದ್ರ?" ಎಂದ ಅವನು. ಅಷ್ಟು ತಿಂಗಳಲ್ಲಿ ಅವನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಅಕಿನ್ನ ಮಲಗಿಸಿದ್ದು ಈ ಕೈಲೇ ಅಕ್ಕಾ. ಇದು ಹೋಗೇತಿ ಅಂತ ಗೊತ್ತಾದ್ರ ನಾ ಏನು ಮಾಡ್ಲಿ?"

ಫಕೀರವ್ವ ಸೆರಗಿನಿಂದ ಮೂಗೊರೆಸಿಕೊಂಡು ಅಡುಗೆಮನೆಗೆ ಬಂದಳು. ನನ್ನ ಎದುರು ಕೂತು ಕಠಿಣವಾಗಿಯೇ, ಆದರೆ ಕೆಟ್ಟದಾಗಿ ಅಲ್ಲ, ಹೇಳಿದಳು. "ಅಮ್ಮಾರ, ಸಿಟ್ಟು ಮಾಡಬ್ಯಾಡ್ರಿ. ನಿಮ್ಮ ಕೈ ಇರೋ ಮನ್ಯಾಗ ಬೆಂಕಿ ಇರಂಗಿಲ್ಲ. ಬೆಂಕಿ ಇಲ್ಲದ ಮನ್ಯಾಗ ಇವನ ಕೈ ಏಳಂಗಿಲ್ಲ. ಹಂಪವ್ವ ಇದ್ದಾಗ ಅಕಿ ಸಲುವಾಗಿ ಇಳಿದು ಬರತಿದ್ದ. ಈಗ ಯಾರ ಸಲುವಾಗಿ? ಯುಗಾದಿ ಆದ ಮ್ಯಾಲ ಬರತೀನಿ. ಎದ್ದಿರಲಿ, ಬಿಡಲಿ, ಕರಕೊಂಡು ಹೋಗತೀನಿ. ಅವನಿಗೂ ಇನ್ನ ವಯಸ್ಸೈತಿ, ಅಲ್ಲೇ ಒಂದು ಹೆಣ್ಣು ನೋಡತೀವಿ."

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮಗಳಿಲ್ಲದ ಮೇಲೆ ಅಳಿಯನನ್ನು ಇಟ್ಟುಕೊಳ್ಳಲಿಕ್ಕೆ ನನಗೆ ಯಾವ ಹಕ್ಕು? ನಾನು ಕೇಳಿದ್ದು ಒಂದೇ, ಉಪ್ಪು ಹತ್ತಿದ ಕೈಯನ್ನು ನೀವು ಹೇಗೆ ಎಬ್ಬಿಸುತ್ತೀರಿ ಎಂದು. ಅವಳು ಹೇಳಿದಳು. ಒಮ್ಮೆಲೇ ತೊಳೆಯಬಾರದು. ಸಿಹಿನೀರಿನಲ್ಲಿ ಕೈ ಇಟ್ಟು, ನೀರು ಬದಲಿಸುತ್ತ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಬಿಸಿ ಏರಿಸುತ್ತ ಉಪ್ಪನ್ನು ಹೊರಗೆ ಕರೆಯಬೇಕು. ನೀರಿಗೆ ಸುಣ್ಣದ ತಿಳಿ ಒಂದು ಹನಿ ಹಾಕಬೇಕು, ಸಿಹಿಯ ಕೈಯ ನಿರಿಗೆ ಸುಣ್ಣ ಇದ್ದರೆ ಬಿಗಿಯಾಗಿ ನಿಲ್ಲುತ್ತದೆ. ಕೊನೆಗೆ ಬುಗ್ಗೆಯಷ್ಟೇ ಬಿಸಿಯಾದ ಗಂಜಿಯಲ್ಲಿ ಕೈ ಇಡಬೇಕು. "ಏಳೂವಾಗ ಭಾಳ ನೋಯತೈತ್ರಿ, ಜೋಮು ಹಿಡಿದ ಕಾಲಿಗೆ ರಕ್ತ ಬಂದಂಗ, ಅದರ ಹತ್ತರಷ್ಟು. ಆವಾಗ ಕೈ ತಕ್ಕೊಂಡ್ರ ಮುಗೀತು. ಅರ್ಧ ಎದ್ದ ನಿರಿಗಿ ಹರಿದು ಹೋಗತೈತಿ. ಅದಕ್ಕ ನಮ್ಮ ಕಡೆ ಯಾರರ ಗಟ್ಟಿ ಹಿಡಕೊಂಡಿರ್ತಾರ" ಎಂದಳು. ಹೋಗುವಾಗ ಸುಣ್ಣದ ಒಂದು ಉಂಡೆಯನ್ನು ಗೂಡಿನಲ್ಲಿಟ್ಟು ಹೋದಳು. ನಾನು ಕೇಳಿದ್ದೇಕೆಂದು ಅವಳಿಗೆ ಅಂದಾಜಾಗಿತ್ತೇನೋ.

ಆ ದಿನ ಪೂಜೆಗೆ ಕೂತಾಗ ಮನಸ್ಸು ಲಿಂಗದ ಮೇಲೆ ನಿಲ್ಲಲಿಲ್ಲ. ಯುಗಾದಿಯಾದ ಮೇಲೆ ಅವನನ್ನು ರೋಗದ ಎತ್ತನ್ನು ಏರಿಸುವ ಹಾಗೆ ಚಕ್ಕಡಿಗೆ ಏರಿಸಿಕೊಂಡು ಹೋಗುವ ಚಿತ್ರವೇ ಕಣ್ಣೆದುರು ಬರುತ್ತಿತ್ತು. ಅವನು ಹೋಗುವುದು ಖಂಡಿತ. ಹೋಗುವುದಾದರೆ ಎದ್ದ ಕೈಯಿಂದ ಹೋಗಲಿ, ಹಂಪಿಯ ಗಂಡ ತಲೆ ತಗ್ಗಿಸಿ ಆ ಕೇರಿಗೆ ಹೋಗುವುದು ಬೇಡ. ಅಷ್ಟನ್ನು ಮಾಡಿಸು ತಂದೆ ಎಂದು ಕೇಳಿಕೊಂಡೆ.

ಬೆಳಿಗ್ಗೆ ಹಿತ್ತಲಿಗೆ ಒಂದು ಬೋಗುಣಿ ನೀರು ಒಯ್ದಿಟ್ಟೆ. "ತುಂಗೀ, ಇದರಾಗ ಕೈ ಇಡಬೇಕಂತ ಹೇಳು. ಬಿಸಿ ಏನಿಲ್ಲ" ಎಂದೆ.

ಅವನು ಬೋಗುಣಿ ನೋಡಿದ, ಆಕಳನ್ನು ನೋಡಿದ. "ಇದರಾಗ ಏನೂ ಗೊತ್ತಾಗಂಗಿಲ್ಲ ಹೌದಿಲ್ಲೋ ಕೇಳು ತುಂಗೀ" ಎಂದ.

"ಏನೂ ಗೊತ್ತಾಗಂಗಿಲ್ಲ. ಬರೇ ಉಪ್ಪು ಹೋಗತೈತಿ."

ಅವನು ಕೈ ಇಟ್ಟ. ದಿನವೂ ಹಾಗೆಯೇ. ನಾನು ನೀರು ಚೆಲ್ಲುವ ಮೊದಲು ಎಡಗೈ ಬೆರಳಿನಿಂದ ನಾಲಗೆಗೆ ಮುಟ್ಟಿಸಿ ನೋಡುತ್ತಿದ್ದೆ. ಮೊದಮೊದಲು ಸಮುದ್ರದಂತೆ ಉಪ್ಪು. ನನ್ನ ಮಗಳ ಸುತ್ತ ಇದ್ದ ಉಪ್ಪು. ಅದನ್ನು ತೆಂಗಿನ ಬುಡಕ್ಕೆ ಚೆಲ್ಲಲು ಮನಸ್ಸಾಗದೆ ಬಾವಿಯ ಹಿಂದೆ ಯಾರೂ ತುಳಿಯದ ಕಡೆ ಸುರಿದು ಬರುತ್ತಿದ್ದೆ. ಬರುಬರುತ್ತ ರುಚಿ ತೆಳುವಾಯಿತು. ನೀರಿನ ಬಿಸಿಯನ್ನು ಒಂದಿಷ್ಟು ಏರಿಸುತ್ತ ಹೋದೆ, ಸುಣ್ಣದ ತಿಳಿ ಬಿಡುತ್ತ ಹೋದೆ. ಒಂದು ದಿನ ನಾಲಗೆಗೆ ಬರೀ ನೀರು ಸಿಕ್ಕಿತು. ಆ ದಿನ ಯಾಕೋ ಕೂತು ಅತ್ತುಬಿಟ್ಟೆ.

ಮರುದಿನ ಜೋಳದ ನುಚ್ಚು ಕುದಿಸಿ ಗಂಜಿ ಮಾಡಿದೆ, ಸೌಟು ನಿಲ್ಲಿಸಿದರೆ ನಿಲ್ಲುವಷ್ಟು ಗಟ್ಟಿ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ದೊಡ್ಡ ಗಡಿಗೆ ಇಟ್ಟು, ನನ್ನ ಜನ್ಮದಲ್ಲಿ ಹಚ್ಚದಷ್ಟು ಬೆಂಕಿ ಹಚ್ಚಿದ್ದೆ. ಬಲಗೈಗೆ ಒದ್ದೆ ಅರಿವೆ ಸುತ್ತಿ, ಸೊಂಟಕ್ಕೆ ಒತ್ತಿ ಹಿಡಿದುಕೊಂಡು ಎಡಗೈಯಲ್ಲೇ ಎಲ್ಲ ಮಾಡಿದೆ. ಹೊಗೆ ಕಂಡು ದ್ಯಾಮವ್ವ ಗೋಡೆಯ ಮೇಲೆ ತಲೆ ಹಾಕಿದಳು.

"ಯವ್ವಾ, ಮದಿವಿ ಅಡಗೀನೋ ಏನು? ನಿನ್ನ ಕೈ ನೋಡಿಕೋ!"

"ನೋಡಿಕೊಳ್ಳಾಕತ್ತೀನಿ, ನೀ ಒಳಗ ಹೋಗು."

"ನಾ ಇಲ್ಲೇ ಇರತೀನಿ. ಏನರ ಆದ್ರ ಕೂಗಾಕ ಮಂದಿ ಬೇಕಲ್ಲ."

ಬೆಂಕಿಯನ್ನು ಎಳೆದು, ಗಂಜಿ ಬುಗ್ಗೆಯ ನೀರಿನಷ್ಟಕ್ಕೆ ಇಳಿಯುವವರೆಗೆ ಕಾದೆ. ಅಡಿವೆಪ್ಪ ಆಕಳ ಪಕ್ಕದಲ್ಲಿ ನಿಂತಿದ್ದ. ಗಡಿಗೆಯನ್ನು ನೋಡಿದ ಕೂಡಲೇ ಅವನಿಗೆ ತಿಳಿದಿತ್ತು. ನಾನು ಆಕಳಿಗೆ ಹೇಳಲು ಬಾಯಿ ತೆರೆದೆ. ಮುಖ ತಿರುಗಿಸಿ ಅವನಿಗೇ ಹೇಳಿದೆ. "ಅಡಿವೆಪ್ಪಾ, ಬಾ."

ಅವನು ಬಂದು ಕುಕ್ಕರುಗಾಲಲ್ಲಿ ಕೂತ. ಕಣ್ಣು ಮುಚ್ಚಿ ಕೈಯನ್ನು ಗಂಜಿಯೊಳಗೆ ಇಳಿಸಿದ. ಮಣಿಕಟ್ಟಿನವರೆಗೂ ಹೋಯಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಗಂಜಿಯ ಮೇಲೆ ಕೆನೆ ಕಟ್ಟುತ್ತಿತ್ತು. ಅವನ ಮುಖ ಬೂದಿಯಂತಾಯಿತು. "ಹೋಗೇತ್ರಿ" ಎಂದ. ಹಾಗೆನ್ನುವಷ್ಟರಲ್ಲೇ ಅವನ ಭುಜ ಒಮ್ಮೆ ಜಗ್ಗಿತು. ಹಲ್ಲು ಕಚ್ಚಿದ. ಹಣೆಯ ಮೇಲೆ ಬೆವರು ಒಡೆಯಿತು. ನೋವು ಬಂತೆಂದರೆ ಕೈ ಏಳುತ್ತಿದೆ ಎಂದರ್ಥ. ಅದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಗೊತ್ತಿದ್ದರೂ ಮೈ ಕೇಳುವುದಿಲ್ಲ. "ಆಗವಲ್ದು ಅತ್ತೀ!" ಎಂದು ಕೂಗಿ ಕೈಯನ್ನು ಮೇಲಕ್ಕೆ ಎಳೆದ.

ನಾನು ಹಿಡಿದೆ. ಎಡಗೈಯಲ್ಲಿ ಅವನ ತೋಳು ಹಿಡಿದೆ, ಸಾಲಲಿಲ್ಲ. ಗಟ್ಟಿಮುಟ್ಟಾದ ಗಂಡಸು, ನಾನು ಮುದುಕಿ. ಬಲಗೈಯೂ ಹೋಯಿತು. ಅರಿವೆ ಯಾವಾಗ ಜಾರಿತೋ ತಿಳಿಯದು. ಗಂಜಿಯೊಳಗೆ ಅವನ ಬೆರಳಿಗೆ ಬೆರಳು ಸಿಕ್ಕಿಸಿ, ನನ್ನ ಮೈಯ ಭಾರವನ್ನೆಲ್ಲ ಹಾಕಿ ಕೆಳಕ್ಕೆ ಒತ್ತಿದೆ. ಯೋಚನೆ ಮಾಡಿ ಮಾಡಿದ್ದಲ್ಲ. ಬಾವಿಗೆ ಬೀಳುವ ಮಗುವನ್ನು ಹಿಡಿಯುವಾಗ ಯಾವ ಕೈ ಮುಂದೆ ಹೋಯಿತು ಎಂದು ಯಾರು ನೋಡುತ್ತಾರೆ?

"ಅತ್ತೀ, ನಿಮ್ಮ ಕೈ! ಬಿಡ್ರಿ!"

"ಸುಮ್ಮನಿರು. ಓಂ ನಮಃ ಶಿವಾಯ ಅನ್ನು."

ಅವನು ಅಂದ. ನಾನೂ ಅಂದೆ. ಗೋಡೆಯ ಮೇಲೆ ದ್ಯಾಮವ್ವನೂ ಅಳುತ್ತ ಅನ್ನತೊಡಗಿದಳು. ಎಷ್ಟು ಹೊತ್ತೋ ತಿಳಿಯದು. ನನ್ನ ಕೈಯೊಳಗೆ ಏನೋ ಒಂದು ಬಿಗಿ ಸಡಿಲವಾದದ್ದು ತಿಳಿಯಿತು, ದಿನವಿಡೀ ಉಟ್ಟ ಸೀರೆಯ ಗಂಟು ಸಂಜೆ ಬಿಚ್ಚಿದಾಗ ಆಗುವಂತೆ. ಸುಡುವುದರ ನೋವು ಬೇರೆಯೇ ಇತ್ತು, ಇದರಲ್ಲಿ ನೋವಿರಲಿಲ್ಲ. ಅದೇ ಹೊತ್ತಿಗೆ ನಮ್ಮಿಬ್ಬರ ಬೆರಳಿನ ಸುತ್ತ ಗಂಜಿ ತೆಳುವಾಗುತ್ತಿತ್ತು. ಮೊದಲು ಬೆರಳ ಸಂದಿಯಲ್ಲಿ ಒಂದು ಹನಿಯಷ್ಟು ನೀರು, ಆಮೇಲೆ ಅಂಗೈ ತುಂಬ. ಗಡಿಗೆಯಲ್ಲಿ ನೆಟ್ಟಗೆ ನಿಂತಿದ್ದ ಸೌಟು ಮೆಲ್ಲಗೆ ವಾಲಿ ಅಂಚಿಗೆ ಒರಗಿತು. ಹಸಿ ಕಬ್ಬು ಮುರಿದಾಗ ಬರುವಂಥ ವಾಸನೆ ಎದ್ದಿತು. ಅವನು ಎಡಗೈಯಿಂದ ಒಂದು ಹನಿ ತೆಗೆದು ಬಾಯಿಗೆ ಹಾಕಿಕೊಂಡ. ನನ್ನ ಮುಖ ನೋಡಿದ. ಸಿಹಿಯೋ ಇಲ್ಲವೋ ಎಂದು ಅವನು ಹೇಳಬೇಕಾಗಿರಲಿಲ್ಲ.

ಆಮೇಲೆ ಅವನೇ ನನ್ನ ಕೈಯನ್ನು ಹೊರಗೆ ತೆಗೆದು ತುಪ್ಪ ಹಚ್ಚಿದ. ಬೊಬ್ಬೆ ಎದ್ದಿದ್ದವು. ದ್ಯಾಮವ್ವ ಗೋಡೆ ಹಾರಿಯೇ ಬಂದಿದ್ದಳು. "ಮಾಡಿಕೊಂಡ್ಯಲ್ಲವ್ವಾ, ಮಾಡಿಕೊಂಡ್ಯಲ್ಲ! ಇನ್ನ ನಮ್ಮ ಓಣಿಗೆ ಮೊಸರು?"

"ನಿನ್ನ ಮಗಳಿಗೂ ಹೆಪ್ಪಿನ ಕೈ ಐತಲ್ಲ. ಇನ್ನ ಮ್ಯಾಲ ಅಕಿ ಮಾಡಲಿ, ನೀರಾತು ಅಂತ ಮಂದಿ ಕಡೆ ಬೈಸಿಕೊಳ್ಳಲಿ" ಎಂದೆ. ಅವಳು ಅಳುತ್ತಲೇ ನಕ್ಕಳು.

ಬೊಬ್ಬೆ ಒಣಗಿದ ಮೇಲೆ ಒಂದು ದಿನ ಹಾಲಿಗೆ ಬೆರಳು ಅದ್ದಿ ಇಟ್ಟೆ. ಮಧ್ಯಾಹ್ನ ಮುಚ್ಚಳ ತೆಗೆದಾಗ ಹಾಲು ಹಾಲಾಗಿಯೇ ಇತ್ತು. ಹಾಗಿರುತ್ತದೆ ಎಂದು ಗೊತ್ತಿದ್ದೇ ಇಟ್ಟದ್ದು, ಆದರೂ ಒಮ್ಮೆ ನೋಡಬೇಕಾಗುತ್ತದೆ. ಮದುವೆಯಾಗಿ ಬಂದಾಗಿನಿಂದ ಕಲ್ಮಠದ ಲಿಂಗಕ್ಕೆ ನನ್ನ ಕೈಯ ಮೊಸರಿನ ಅಭಿಷೇಕ ತಪ್ಪಿರಲಿಲ್ಲ. ಆ ಹಾಲನ್ನೇ ತಂಬಿಗೆಯಲ್ಲಿ ಒಯ್ದು ರುದ್ರಯ್ಯನವರ ಮುಂದೆ ಇಟ್ಟು, ಕೈ ತೋರಿಸಿದೆ. ಅವರು ತಂಬಿಗೆ ಎತ್ತಿಕೊಂಡರು. "ಮೊಸರ ಬೇಕಂತ ಅವ ಯಾವಾಗ ಕೇಳಿದ್ದ ತಾಯೀ? ನಾವ ಕೊಟ್ಟಿದ್ದು" ಎಂದು ಹಾಲು ಎರೆದರು. ಹಾಲು ಮೊಸರಿಗಿಂತ ಬೇಗ ಇಳಿದು ಹೋಗುತ್ತದೆ. ನೋಡುತ್ತ ನಿಂತೆ.

ಮನೆಯಲ್ಲಿ ಅಡಿವೆಪ್ಪ ಮೊದಲಿನ ಹಾಗೆ ಗುಡ್ಡ ಏರಿ ಬುಗ್ಗೆಗೆ ಹೋಗತೊಡಗಿದ್ದ. ಆದರೆ ಸಂಜೆ ಬಂದವನು ನನ್ನ ಕೈಯ ಕಡೆ ನೋಡಿ ಮುಖ ಬಾಡಿಸಿಕೊಂಡು ಕೂರುವನು. ಈಗ ನಾವು ಆಕಳ ಮಧ್ಯಸ್ಥಿಕೆ ಬಿಟ್ಟು ನೇರವಾಗಿ ಮಾತಾಡುತ್ತಿದ್ದೆವು, ಆದರೆ ಆಡಬೇಕಾದ ಮಾತು ಇಬ್ಬರಿಗೂ ಬರುತ್ತಿರಲಿಲ್ಲ. ಯುಗಾದಿಯ ಬೇವು ತಿಂದ ದಿನ ಅವನು ಅಂದ, "ಅಕ್ಕ ಬರತಾಳ. ನಾ ಹೋಗಿಬಿಡತೀನ್ರಿ. ನನ್ನಿಂದ ನಿಮ್ಮ ಕೈ ಹೋತು. ದಿನಾ ಅದನ್ನ ನೋಡಿಕೋತ ಯಾವ ಮುಖ ಇಟಗೊಂಡು ಇಲ್ಲಿರಲಿ?" ಇರು ಎನ್ನಬೇಕೆನಿಸಿತು. ಹಾಗೆಂದರೆ ಮಾಡಿದ್ದಕ್ಕೆ ಬದಲು ಕೇಳಿದ ಹಾಗಾಗುತ್ತದಲ್ಲ ಎಂದು ಬಿಟ್ಟೆ. "ನಿನ್ನ ಮನಸ್ಸು" ಎಂದಷ್ಟೇ ಅಂದೆ.

ಫಕೀರವ್ವ ಹೇಳಿದ ಹಾಗೆಯೇ ಬಂದಳು. ಚಕ್ಕಡಿಯಲ್ಲಿ ತಮ್ಮನನ್ನು ಕೂರಿಸಿಕೊಂಡು ಹೋಗಲು ಕೌದಿ ಹಾಸಿದ್ದಳು. ಅವನ ಕೈ ಎದ್ದ ಸುದ್ದಿ ಅವಳಿಗೆ ಆಗಲೇ ತಿಳಿದಿತ್ತು, ಹೇಗೆ ಎದ್ದಿತೆಂದು ಮಾತ್ರ ಅವನು ಹೇಳಿರಲಿಲ್ಲ. ಬಾಗಿಲಿಂದಲೇ ಕೂಗಿದಳು. "ಎದ್ದೇನೋ ಕುಂಭಕರ್ಣಾ! ನಡಿ, ನಡಿ, ಕೊಪ್ಪರಿಗಿ ಕಾಯಾಕತ್ತಾವು." ಅವನು ಗಂಟು ಕಟ್ಟಿ ಪಡಸಾಲೆಯಲ್ಲಿ ಇಟ್ಟಿದ್ದ. ನಾನು ದಾರಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ತಂದು ಫಕೀರವ್ವನ ಕಡೆ ಚಾಚಿದೆ. ಬಲಗೈಯಲ್ಲಿ ಚಾಚಿದೆ. ಬಿಸಿ ರೊಟ್ಟಿಯ ಬುತ್ತಿಯನ್ನು ನೆರಳುಗೇರಿಯ ಹೆಂಗಸು ಬಲಗೈಯಲ್ಲಿ, ಅರಿವೆಯಿಲ್ಲದೆ.

ಫಕೀರವ್ವ ಬುತ್ತಿ ಹಿಡಿಯಲಿಲ್ಲ. ನನ್ನ ಕೈ ಹಿಡಿದಳು. ಒಣಗಿದ ಕಲೆಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ಯಾರು ಹಿಡಕೊಂಡಿದ್ರು ನಿನ್ನ, ಕೈ ಏಳೂವಾಗ?" ಎಂದು ತಮ್ಮನನ್ನು ಕೇಳಿದಳು.

ಅವನು ತಲೆ ತಗ್ಗಿಸಿದ. ಫಕೀರವ್ವ ಗಂಟನ್ನು ನೋಡಿದಳು, ಒಳಗೆ ಎರಡು ಕಡ್ಡಿ ಉರಿಯುತ್ತಿದ್ದ ನನ್ನ ಒಲೆಯನ್ನು ನೋಡಿದಳು. ಆ ದೊಡ್ಡ ದನಿ ಎಲ್ಲಿ ಹೋಯಿತೋ. "ಅಲ್ಲೋ ಮಳ್ಳಾ, ಈ ಮನ್ಯಾಗ ಇನ್ನ ಬೆಂಕಿಗೆ ಯಾರ ಅಡ್ಡಿ? ನಿನಗ ಹೋಗೂದ ಐತೇನು?"

ಅವನು ಇಲ್ಲವೆಂದು ತಲೆಯಾಡಿಸಿದ.

"ಅಮ್ಮಾರ, ನಿಮಗ ಕಳಸೂದ ಐತೇನ್ರಿ?"

"ಇಲ್ಲ ಫಕೀರವ್ವಾ" ಎಂದೆ.

ಅವಳು ಬಾಗಿಲಿಗೆ ಹೋಗಿ ಚಕ್ಕಡಿಯವನಿಗೆ ಎತ್ತು ಬಿಚ್ಚು ಎಂದಳು. ಅವನು, "ಹಂಗಾರ ಹೋಗೂದಿಲ್ಲೇನ್ರಿ?" ಎಂದ. "ಮೊದಲ ಬಿಚ್ಚು, ಆಮ್ಯಾಲ ಕೇಳು. ಇವತ್ತು ಊಟ ಇಲ್ಲೇ" ಎಂದಳು. ಅಡಿವೆಪ್ಪ ಎದ್ದು ಹೊರಗೆ ಹೋದ. ಚಕ್ಕಡಿಯವನು ಒಂದು ಕಡೆ ಬಿಚ್ಚುತ್ತಿದ್ದಾಗ ಇವನು ಇನ್ನೊಂದು ಕಡೆಯ ಎತ್ತಿನ ಕೊರಳಿನಿಂದ ನೊಗದ ಹಗ್ಗ ಸಡಿಲಿಸಿದ.